ಬ್ರೇಕಿನ ಮೇಲೆ ಹೊರಿಸಿದ ತಪ್ಪು

ಪ್ರೀತಿಯ ಭಾವನವರಿಗೆ,

ಮೊದಲಿಗೆ ತಪ್ಪೊಪ್ಪಿಗೆ: ನಿಮಗೆಂದು ಗೊತ್ತುಮಾಡಿದ ವಕೀಲರು ಫೋನಿನಲ್ಲಿ ಮುಳುಗಿದ್ದಾಗ, ಅವರ ಮೇಜಿನಿಂದ ಈ ಹಾಳೆಯನ್ನು ಪೂರ್ವಯೋಜಿತವಾಗಿ ಕದ್ದಿದ್ದೇನೆ.

ವಕೀಲರು ಗಟ್ಟಿಗರು. ನನ್ನ ಮೂರು ಜೋಕುಗಳಲ್ಲಿ ಒಂದಕ್ಕೂ ಅವರಲ್ಲಿ ಜಾಮೀನು ಸಿಗಲಿಲ್ಲ. “ಬಿಡಿಸೇ ಬಿಡ್ತೀನಿ ಅಂತ ಯಾರಾದ್ರೂ ಮಾತು ಕೊಟ್ರೆ ಅವರನ್ನ ನಂಬಬೇಡಿ” ಎಂದರು. ಅವರು ಜೊತೆಗಿಲ್ಲದೆ ನೀವು ಪೊಲೀಸರ ಮುಂದೆ ಬಾಯಿ ಬಿಡಬಾರದಂತೆ.

ನಾನು ಎಂದಿನಂತೆ ಎದೆಯುಬ್ಬಿಸಿ, “ಇಪ್ಪತ್ತು ವರ್ಷದಿಂದ ಡ್ರೈವಿಂಗ್ ಕಲಿಸ್ತಿದ್ದೀನಿ ಸಾರ್, ನನ್ನ ಕಾಲಿಗೇ ಕಣ್ಣಿದೆ. ಅವತ್ತು ನಾನು ಒತ್ತಿದ್ರೂ ಬ್ರೇಕ್ ಹಿಡೀಲಿಲ್ಲ, ಕಾರು ಗುದ್ದಿ ಪೋಸ್ಟ್‌ಮ್ಯಾನ್ ಕಾಲು ಮುರೀತು. ಆದ್ರೂ ಬ್ರೇಕ್ ರಿಪೇರಿ ಮಾಡಿದ ನಮ್ಮ ಭಾವ ಒಳ್ಳೆ ಮೆಕ್ಯಾನಿಕ್” ಎಂದೆ.

ಅವರು ಪೆನ್ನು ಕೆಳಗಿಟ್ಟರು. “ಪೊಲೀಸರಿಗೆ ನೀವು ಹೇಳಿದ ಈ ಮಾತಿನಿಂದಲೇ ಅವರು ಒಳಗಿರೋದು. ನಾನು ಅವರ ವಕೀಲ, ನಿಮ್ಮ ವಕೀಲ ಅಲ್ಲ. ಬೇರೇನಾದ್ರೂ ಹೇಳೋದಿದ್ರೆ ಮೊದಲು ನಿಮಗೊಬ್ಬರನ್ನ ಹುಡುಕ್ಕೊಳ್ಳಿ.”

ಹುಡುಕಿಕೊಂಡಿದ್ದೇನೆ. ನಾಳೆ ಬೆಳಗ್ಗೆ ಅವರ ಜೊತೆ ಠಾಣೆಗೆ ಹೋಗುತ್ತೇನೆ. ಅಕ್ಕನಿಗೆ ಇನ್ನೂ ಹೇಳಿಲ್ಲ. ವಕೀಲರಿಗಾಗಿ ಓಡಾಡುತ್ತಿದ್ದೇನೆಂದು ಅವಳು ನನಗೇ ಮೊದಲು ಬಡಿಸುತ್ತಾಳೆ. ನಿಮ್ಮ ಕನ್ನಡಕ, ಎರಡು ಜೊತೆ ಬಟ್ಟೆ ಕಳಿಸಿದ್ದೇನೆ. ಸೇರಿದವೇ ಎಂದು ವಕೀಲರಿಗೆ ತಿಳಿಸಿ.

ಭಾವ, ನಿಮ್ಮ ಬ್ರೇಕಿಗೆ ಏನೂ ಆಗಿರಲಿಲ್ಲ. ನಾನು ಅದನ್ನು ಒತ್ತಲೇ ಇಲ್ಲ. ಗಾಬರಿಯಲ್ಲಿ ಒತ್ತಿದ್ದು ಆಕ್ಸಿಲರೇಟರ್. ಅದೂ ಮೊದಲ ದಿನ ಕಲಿಯಲು ಬಂದವರ ಹಾಗೆ, ಕಣ್ಣು ಮುಚ್ಚಿಕೊಂಡು.

ಕ್ಷಮೆ ಕೇಳಲೂ ನಾಚುತ್ತಿರುವ
ನಿಮ್ಮ ಭಾವಮೈದುನ