ಸಲೋಮಿ ಸಿಸ್ಟರ್ ಹೊರಟ ದಿನ

ರಾಜಾಜಿನಗರ, ೬-೮-೭೬

ಅವ್ವನಿಗೆ ಜಯದೇವಿಯ ಶರಣಾರ್ಥಿ.

ಇಲ್ಲಿಯ ನರ್ಸುಗಳೆಲ್ಲ ಕುವೈತಿಗೆ ಹೋಗಿ, ಇಡೀ ವಾರ್ಡಿಗೆ ಸಲೋಮಿ ಸಿಸ್ಟರ್ ಮತ್ತು ಕಲಿಯಲು ಬಂದ ನಾನು, ಇಬ್ಬರೇ ಉಳಿದಿದ್ದೆವು. ಗ್ಲೂಕೋಸ್ ಬಾಟಲಿ ಮುಗಿಯುತ್ತ ಬಂದರೆ ಪಕ್ಕದ ಮಂಚದ ರೋಗಿ ಚಪ್ಪಾಳೆ ತಟ್ಟಬೇಕು, ಅದು ಸಿಸ್ಟರ್ ಮಾಡಿದ ಕಟ್ಟಳೆ. ಎಲ್ಲಿದ್ದರೂ ಓಡಿಬರುತ್ತಿದ್ದರು. ಅಷ್ಟು ಮಂದಿಯನ್ನು ಒಂದು ಜೀವ ಕಾಯುವುದನ್ನು ಕಂಡು ನಾನು ಬೆರಗಾಗಿ ನಿಂತುಬಿಡುತ್ತಿದ್ದೆ.

ನಿನ್ನೆ ಅವರೂ ಕುವೈತಿಗೆ ಹೊರಟರು. ಹಾರ ಹಾಕಿಸಿಕೊಂಡು ಬಾಗಿಲು ದಾಟಿದಾಗ ರೋಗಿಗಳೆಲ್ಲ ಚಪ್ಪಾಳೆ ತಟ್ಟಿದರು. ಸಿಸ್ಟರ್ ಹಾರದ ಸಮೇತ ಒಳಗೆ ಓಡಿಬಂದು, "ಯಾರ್ದು ಬಾಟ್ಲು ಮುಗೀತು?" ಎಂದರು! ಯಾರೂ ನಗಲಿಲ್ಲ, ಅವ್ವ.

ಕಾಲುನೋವು ಬಿಟ್ಟರೆ ಆರಾಮವಾಗಿದ್ದೇನೆ. ಮುದ್ದೆ ನುಂಗಲು ಇನ್ನೂ ಬಾರದು, ರೊಟ್ಟಿ ಕಳಿಸು. ಇಗೋ, ಚಪ್ಪಾಳೆ ಕೇಳಿಸಿತು. ಈಗ ಓಡಬೇಕಾದವಳು ನಾನೇ.

ಜಯದೇವಿ