ಎರಡು ರಿವರ್ಸ್ ಲೈಟು

ಅಪ್ಪ,

ತೋಟದಲ್ಲಿ ನಿಂತೇ ಇದ್ದ ನಿನ್ನ ಕೊಬ್ಬರಿ ಲಾರಿ ಈಗ ಹಾಸಿಗೆ, ಒಲೆ, ನೀರಿನ ಟ್ಯಾಂಕು ಇರುವ ಕ್ಯಾಂಪರ್ ಆಗಿದೆ. ಸೋಮವಾರ ಒಬ್ಬಳೇ ಲಡಾಖ್‌ಗೆ ಹೊರಡುತ್ತೇನೆ. ಇವತ್ತು ತಿಪಟೂರಿನಲ್ಲಿ ಹಿಂದಿನ ದೀಪಗಳನ್ನು ಹಾಕಿಸಿದೆ.

ಎಲೆಕ್ಟ್ರಿಷಿಯನ್ ಪ್ರಸಾದಣ್ಣ ಬಂಪರ್ ಕೆಳಗೆ ಕಟ್ಟುವ ಬಣ್ಣಬಣ್ಣದ ಸಾಲುದೀಪ ತೋರಿಸಿದರು. ಇದೇನು ಮದುವೆ ಮನೆಯಲ್ಲ, ಮೊದಲ ಕಲ್ಲಿಗೇ ಒಡೆಯುತ್ತವೆ ಎಂದೆ. ಕೆಂಪು ದೀಪಗಳನ್ನು ಬಂಪರಿನೊಳಗೆ ಹುದುಗಿಸಿ ಕಬ್ಬಿಣದ ಜಾಲರಿ ಹಾಕಿಸಿದೆ.

"ರಿವರ್ಸಿಗೆ ಒಂದು ಲೈಟ್ ಸಾಕು ಕಣವ್ವ. ನಿಮ್ಮಪ್ಪ ಅದೂ ಇಲ್ದೆ ಓಡಿಸ್ತಿದ್ರು."

"ಅಪ್ಪಂಗೆ ಹಿಂದೆ ನಿಂತು ಹೇಳೋರು ಇದ್ರು. ನಂಗಿಲ್ಲ. ಎರಡು ಹಾಕಿ ಪ್ರಸಾದಣ್ಣ, ಮೇಲಿನ ಮೂಲೇಲಿ, ನೆಲ ಕಾಣೋ ಹಂಗೆ."

ಹಾಗೆ ಹಿಂದೆ ನಿಲ್ಲುತ್ತಿದ್ದವಳು ನಾನೇ ಎಂದು ಹೇಳಲಿಲ್ಲ.

ಸಂಜೆ ಮಬ್ಬಿನಲ್ಲಿ ತೋಟದ ದಾರಿಯಲ್ಲಿ ಲಾರಿಯನ್ನು ಹಿಂದಕ್ಕೆ ತಂದೆ. ಬಾವಿ ಪಕ್ಕದ ತೆಂಗಿನ ಮರಕ್ಕೆ ನೀನು ಹಿಂದೊಮ್ಮೆ ಲಾರಿ ಗುದ್ದಿಸಿದ್ದ ಗಾಯ ಆ ಬೆಳಕಿನಲ್ಲಿ ಎದ್ದು ಕಂಡಿತು. ಒಂದು ಮೊಳ ದೂರದಲ್ಲಿ ನಿಲ್ಲಿಸಿದೆ.

ಅವತ್ತು ಹಿಂದೆ ನಿಂತು "ಬರ್ಲಿ, ಬರ್ಲಿ" ಎನ್ನುತ್ತಿದ್ದಾಗ ನನ್ನ ಕಣ್ಣು ಮೊಬೈಲ್ ಮೇಲಿತ್ತು. "ಅಣ್ಣಾ, ನಿಂಗೆ ವಯಸ್ಸಾಯ್ತು, ಇನ್ನು ಓಡ್ಸೋದು ಬುಡು" ಎಂದು ಚಿಕ್ಕಪ್ಪ ಅಂದಾಗ ನೀನು ಕೀ ತಂದು ಮೊಳೆಗೆ ನೇತುಹಾಕಿದೆ. ನಾನು ಪಕ್ಕದಲ್ಲೇ ನಿಂತಿದ್ದೆ.

ಸೋಮವಾರ ಹೊರಡುವ ಮುಂಚೆ ಚಿಕ್ಕಪ್ಪನಿಗೆ ನಿಜ ಹೇಳಿಯೇ ಹೋಗುತ್ತೇನೆ. ನೀನು ಆಮೇಲೂ ಮೂರು ವರ್ಷ ಬದುಕಿದ್ದೆ. ದಿನಾ ಎದುರುಬದುರು ಕೂತು ಉಣ್ಣುತ್ತಿದ್ದೆವು.