ಮಗಳ ಬೀಕನ್ ಆನ್ ಇತ್ತು

ರೀ,

ತನ್ವಿ ಈಗಷ್ಟೇ ಕೆನಡಾದಿಂದ ಫೋನ್ ಮಾಡಿದಳು. ನಿಮ್ಮ ಮಗಳಲ್ಲವೇ, ಅವಳಿಗೂ ಹಿಮಬೆಟ್ಟದಲ್ಲಿ ಸ್ನೋಮೊಬೈಲ್ ಓಡಿಸುವ ಹುಚ್ಚು.

"ಹಿಮ ಕುಸಿಯೋ ರಿಸ್ಕ್ ಜಾಸ್ತಿ ಅಂತ ಎಲ್ಲರೂ ವಾಪಸ್ ಬಂದ್ವಿ ಮಾ. ರಿಲ್ಯಾಕ್ಸ್ ಲಾ," ಎಂದಳು. ಇಲ್ಲಿ ಮಲೇಷ್ಯಾದಲ್ಲಿ, ಪೆಟಾಲಿಂಗ್ ಜಯಾದ ಈ ಸೆಕೆಯಲ್ಲಿ, ನನಗೆ ಹೋದ ಜೀವ ಬಂದಂತಾಯಿತು.

ನಿಮ್ಮ ತಿಥಿಗೆ ಬಂದವರು, ಈ ಹಿಮದ ಗಾಡಿಯವರೆಲ್ಲ ಮೋಜಿಗೆ ಸಾಯುವವರು ಎಂದಾಗ ನಾನೂ ತಲೆಯಾಡಿಸಿದ್ದೆ. ಇವಳ ತಂಡದವರು ನೋಡಿದರೆ ನನಗಿಂತ ಹೆದರುವವರು!

ಅವಳು ಹೊರಡುವ ಮುಂಚೆ, "ಬೀಕನ್ ಆನ್ ಮಾಡಿದ್ಯಾ?" ಎಂದು ಕೇಳಿದ್ದೆ. ಹಿಮದಡಿ ಹೂತವರನ್ನು ಹುಡುಕಿಕೊಡುವ ಆ ಪುಟ್ಟ ಯಂತ್ರ ನಿಮ್ಮ ಚೀಲದಲ್ಲಿ ಆಫ್ ಆಗಿಯೇ ಸಿಕ್ಕಿತ್ತು.

ಅವತ್ತು ನಾನು ಫೋನಿನಲ್ಲಿ ಕೇಳಿದ್ದು, "ಸ್ವೆಟರ್ ಹಾಕ್ಕೊಂಡ್ರಾ?" ಎಂದಷ್ಟೆ.

ಹಾಕಿಕೊಂಡಿದ್ದಿರಿ.

ಶರ್ಮಿಳಾ